ಮಷೀನ್ ಆಮೇಲೆ ನೋಡೋಣ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದವರು ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ: "ಕಾಂಪೋಸ್ಟಿಗೆ ಯಾವ ಮಷೀನ್ ಒಳ್ಳೇದು?" ಬೆರಕೆ ಕಸದ ಬಕೆಟ್ ಬೇಡ ಅನ್ನುವ ಅಧಿಕಾರ ನಿಮ್ಮಲ್ಲಿ ಯಾರಿಗಿದೆ ಎಂದು ತಿರುಗಿ ಕೇಳಿದರೆ ಆ ಕಡೆ ಸದ್ದೇ ಇಲ್ಲ.

ಹಸಿ ಕಸಕ್ಕೆ ಹಸಿರು ಬಕೆಟ್, ರಿಜೆಕ್ಟಿಗೆ (ಡೈಪರ್, ಸ್ಯಾನಿಟರಿ ಪ್ಯಾಡ್‌ನಂಥದಕ್ಕೆ) ಕೆಂಪು, ಒಣ ಕಸಕ್ಕೆ ಚೀಲ ಎಂದು ಹೈಕೋರ್ಟ್ 2015ರಲ್ಲೇ ಹೇಳಿದೆ. ಅದನ್ನು ಮತ್ತೆ ವಿವರಿಸಲಾರೆ. ವಿವರಿಸಬೇಕಾದದ್ದು ಆ ಬಕೆಟ್ ಬಾಗಿಲು ದಾಟಿದ ಮೇಲೆ ಏನಾಗುತ್ತದೆ ಎಂಬುದು. ಹೌಸ್‌ಕೀಪಿಂಗ್ ಹೆಂಗಸರು ಕಾಂಟ್ರಾಕ್ಟರ್ ಕೈಕೆಳಗಿನವರು. ಡೈಪರ್ ಸೇರಿದ ಹಸಿ ಕಸವನ್ನು ಒಂದು ದಿನ ಬೇಡ ಅಂದರೆ ಮನೆಯವರು ಮ್ಯಾನೇಜರ್‌ಗೆ ದೂರುತ್ತಾರೆ, ಮ್ಯಾನೇಜರ್ ಆಕೆಯನ್ನೇ ಗದರುತ್ತಾರೆ. ಮರುದಿನದಿಂದ ಆಕೆ ತುಟಿ ಬಿಚ್ಚುವುದಿಲ್ಲ. ಬೇಸ್‌ಮೆಂಟಿನಲ್ಲಿ ಕೂತು ಇಡೀ ಕಟ್ಟಡದ ಕಸವನ್ನು ಕೈಯಿಂದಲೇ ಬೇರ್ಪಡಿಸುತ್ತಾಳೆ. ಅಷ್ಟಾಗಿಯೂ ಶಾಂಪೂ ಸ್ಯಾಶೆ ನುಸುಳಿ ಗೊಬ್ಬರದಲ್ಲಿ ಮಿನುಗುತ್ತದೆ, ಅದನ್ನು ಗಿಡಕ್ಕೆ ಹಾಕಲು ಯಾರೂ ಒಯ್ಯುವುದಿಲ್ಲ.

ಹಾಗಾಗಿ ಮೊದಲ ಕೆಲಸ ಸರ್ವಸದಸ್ಯರ ಸಭೆಯ ಠರಾವು. ಬೆರಕೆ ಕಸ ಬಾಗಿಲಲ್ಲೇ ಉಳಿಯುತ್ತದೆ. ಅದರ ದೂರು ಮ್ಯಾನೇಜರ್‌ಗಲ್ಲ, ಹೆಸರಿಸಿದ ಒಬ್ಬ ಸಮಿತಿ ಸದಸ್ಯರಿಗೆ ಹೋಗಬೇಕು. ಬೇಡ ಅಂದ ಸಿಬ್ಬಂದಿಯ ಸಂಬಳಕ್ಕೆ ಕೈ ಹಾಕುವಂತಿಲ್ಲ. ಇಷ್ಟು ಬರೆದು ಪ್ರತಿಯನ್ನು ಆ ಹೆಂಗಸರ ಕೈಗೇ ಕೊಡಿ, ಅವರು ಓದಬಲ್ಲ ಭಾಷೆಯಲ್ಲಿ. ದಂಡದ ವಿಷಯ ಬೇರೆ: ನಿಮ್ಮ ಬೈಲಾದಲ್ಲಿ ಅವಕಾಶ ಇದೆಯೇ ಎಂದು ವಕೀಲರನ್ನು ಕೇಳದೆ ಹಾಕಬೇಡಿ. ತಪ್ಪು ಮಾಡಿದ ಫ್ಲ್ಯಾಟಿನ ನಂಬರನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರಂತೂ ಜಗಳ ಗ್ಯಾರಂಟಿ, ಕಸ ಅಲ್ಲೇ ಇರುತ್ತದೆ. ಬ್ಲಾಕ್‌ವಾರು ಲೆಕ್ಕ ಹಾಕಿ ಸಾಕು.

ಕಸ ಬೇರ್ಪಡಿಸುವುದು ಹೇಗೆಂದು ಕ್ಲಬ್‌ಹೌಸಿನಲ್ಲಿ ಮಾಲೀಕರಿಗೆ ಸ್ಲೈಡ್ ತೋರಿಸುತ್ತೀರಿ. ಆದರೆ ಎಷ್ಟೋ ಮನೆಗಳಲ್ಲಿ ಬಕೆಟ್ ತುಂಬುವವರು ಮನೆಕೆಲಸಕ್ಕೆ ಬರುವವರು. ಅವರನ್ನು ಗೇಟಿನ ಹತ್ತಿರ ಹತ್ತು ನಿಮಿಷ ನಿಲ್ಲಿಸಿ, ನಿಜವಾದ ಕಸವನ್ನೇ ಮುಂದಿಟ್ಟು ತೋರಿಸಿ.

ಇದಾದ ಮೇಲೆ ಒಂದು ತಿಂಗಳು ತೂಕ ಬರೆಯಿರಿ. ಒಂದು ನೇತು ತಕ್ಕಡಿ, ಒಂದು ನೋಟ್‌ಬುಕ್. ದಿನಾಂಕ, ಬ್ಲಾಕ್, ಹಸಿ, ಒಣ, ರಿಜೆಕ್ಟ್. ಮನೆಗೆ ದಿನಕ್ಕೆ ಅರ್ಧದಿಂದ ಮುಕ್ಕಾಲು ಕೆಜಿ ಹಸಿ ಕಸ ಎಂದು ಅಂದಾಜಿಸಿದರೆ 200 ಮನೆಗೆ 100ರಿಂದ 150 ಕೆಜಿ. ಇದು ಅಂದಾಜು ಮಾತ್ರ. ಮಷೀನಿಗೆ ಆರ್ಡರ್ ಕೊಡುವುದು ನಿಮ್ಮ ತೂಕದ ಪುಸ್ತಕ ನೋಡಿ.

"24 ಗಂಟೆಯಲ್ಲಿ ಗೊಬ್ಬರ" ಎಂಬ ಮಷೀನುಗಳ ಬಗ್ಗೆ ಎಚ್ಚರ. ಬಹುತೇಕ ಅವು ಬಿಸಿ ಮಾಡಿ ಕಸವನ್ನು ಒಣಗಿಸುತ್ತವೆ, ಅಷ್ಟೇ. ಕುಂಡಕ್ಕೆ ಹಾಕಿ ನೀರು ಹೊಯ್ದು ನೋಡಿ, ಮತ್ತೆ ಅನ್ನವಾಗಿ ನಾರುತ್ತದೆ. ಮಾಗಲು ವಾರಗಳೇ ಬೇಕು.

ನಾತ ಬಂದರೆ ಎಲ್ಲರೂ ಕಲ್ಚರ್ ಪುಡಿಯನ್ನು (ಕಸ ಕೊಳೆಸುವ ಸೂಕ್ಷ್ಮಜೀವಿಗಳ ಪುಡಿ) ದೂರುತ್ತಾರೆ. ಕೊರತೆ ಇರುವುದು ಒಣ ಪದಾರ್ಥದ್ದು. ಒಂದು ಬಕೆಟ್ ಹಸಿ ಕಸಕ್ಕೆ ಕನಿಷ್ಠ ಒಂದು ಬಕೆಟ್ ಒಣ ಎಲೆ. ಅನ್ನ, ಸಾಂಬಾರು ಜಾಸ್ತಿ ಇದ್ದರೆ ಇನ್ನೂ ಅರ್ಧ. ಎಲೆ ಸಾಲದಿದ್ದರೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ: ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ಒಣದ್ದು ಸೇರಿಸಿ, ಅಂಗೈ ಒದ್ದೆಯೇ ಆಗದಿದ್ದರೆ ನೀರು ಚಿಮುಕಿಸಿ. ದಪ್ಪ ಹುಳ ಕಂಡರೆ ಗಾಬರಿ ಬೇಡ. ತೇವ ಹೆಚ್ಚಾಗಿದೆ ಎಂದು ತಿಳಿದು ಒಣದ್ದು ಹಾಕಿ ಮಗುಚಿ.

ಮತ್ತೆ ಆಡಳಿತಕ್ಕೇ ಬರುತ್ತೇನೆ, ಯಾಕೆಂದರೆ ಕೋಕೋಪೀಟಿಗೆ ದುಡ್ಡು ಬೇಕು. ಬಜೆಟ್ಟಿನಲ್ಲಿ ಅದಕ್ಕೆ ಬೇರೆ ಬಾಬ್ತು ಇಲ್ಲದ ಕಡೆ ಯಾರೋ ಒಬ್ಬ ಉತ್ಸಾಹಿ ಆಂಟಿ ಸ್ವಂತ ಹಣದಿಂದ ತರಿಸುತ್ತಿರುತ್ತಾರೆ. ಅವರು ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೋದರೆ ಕಾಂಪೋಸ್ಟ್ ಘಟಕ ನಿಂತಿತು. ಸಮಿತಿ ಬದಲಾದಾಗ ತೂಕದ ಪುಸ್ತಕ, ಸರಬರಾಜುದಾರರ ನಂಬರು, ಶ್ರೆಡ್ಡರಿನ (ಕಸ ಚೂರು ಮಾಡುವ ಯಂತ್ರದ) ಬ್ಲೇಡ್ ಬದಲಿಸಿದ ದಿನಾಂಕ, ಇವೆಲ್ಲ ಬ್ಯಾಂಕ್ ಪಾಸ್‌ಬುಕ್ಕಿನ ಜೊತೆಗೇ ಹಸ್ತಾಂತರವಾಗಲಿ. ಆಯುಧಪೂಜೆಗೆ ಎರಡು ವಾರ ಮೊದಲೇ ಹೆಚ್ಚುವರಿ ಕೋಕೋಪೀಟ್ ತರಿಸಿಡಿ. ಮರುದಿನ ಬರುವ ಬೂದುಗುಂಬಳವನ್ನು ಅದಕ್ಕೆ ಬೆರೆಸಿ. ಬಾಳೆಕಂಬವನ್ನು ಮಾತ್ರ ಮಚ್ಚಿನಲ್ಲಿ ತುಂಡರಿಸದೆ ಶ್ರೆಡ್ಡರಿಗೆ ಕೊಡಬೇಡಿ, ನಾರು ಸುತ್ತಿಕೊಂಡು ಬ್ಲೇಡ್ ಸಿಕ್ಕಿಹಾಕಿಕೊಳ್ಳುತ್ತದೆ.