ಮೇಸ್ತ್ರಿ ಮೆಚ್ಚಿದ ಸಾಹುಕಾರ

ವಿನೋಬನಗರದಲ್ಲಿ ನಮ್ಮ ಮನೆಗೆ ಮಹಡಿ ಏರಿಸುತ್ತಿರುವ ಮೇಸ್ತ್ರಿಗೆ ಡೊನಾಲ್ಡ್ ಟ್ರಂಪ್ ಅಂದ್ರೆ ಒಂಥರಾ ಅಭಿಮಾನ. ಕರಣೆಯ ಹಿಡಿಯಿಂದ ಇಟ್ಟಿಗೆ ತಟ್ಟಿ ಕೂರಿಸುತ್ತಾ, "ಏನೇ ಹೇಳಿ ಸಾರ್, ಬಿಲ್ಡಿಂಗ್ ಕಟ್ಟಿಸಿದ ಮನುಷ್ಯ. ಕೆಲಸದವರ ಕಷ್ಟ ಗೊತ್ತಿರುತ್ತೆ" ಅಂದರು. ಶಿವಮೊಗ್ಗದ ಗಾರೆ ಮೇಸ್ತ್ರಿಗೇ ಹೀಗನ್ನಿಸಿದರೆ, 2016ರಲ್ಲಿ ಮಿಷಿಗನ್, ಪೆನ್ಸಿಲ್ವೇನಿಯಾದ ಕಾರ್ಮಿಕರು ಅವರಿಗೆ ವೋಟು ಹಾಕಿದ್ದರಲ್ಲಿ ಆಶ್ಚರ್ಯವೇನು?

ಟ್ರಂಪ್ ಹುಟ್ಟಿನಿಂದಲೇ ಸಾಹುಕಾರರು. ಅಪ್ಪ ಫ್ರೆಡ್ ನ್ಯೂಯಾರ್ಕಿನ ಬ್ರೂಕ್ಲಿನ್, ಕ್ವೀನ್ಸ್‌ಗಳಲ್ಲಿ ಸಾಲುಸಾಲು ಅಪಾರ್ಟ್‌ಮೆಂಟ್ ಕಟ್ಟಿದವರು. ಮಗ ಕಲಿತದ್ದು ಸೈಟಿನ ಭಾಷೆ: ಚಿಕ್ಕ ಮಾತು, ದೊಡ್ಡ ದನಿ, 'ನಾನು ಮಾಡಿಸ್ತೀನಿ' ಅನ್ನುವ ಗತ್ತು.

ಆ ಗತ್ತಿಗೆ ಸಾಕ್ಷಿ ಸಿಕ್ಕಿದ್ದು 1986ರಲ್ಲಿ. ಸೆಂಟ್ರಲ್ ಪಾರ್ಕಿನಲ್ಲಿ ಜನ ಐಸ್ ಮೇಲೆ ಜಾರಾಡುವ ವೋಲ್ಮನ್ ರಿಂಕ್ 1980ರಿಂದ ರಿಪೇರಿಗೆಂದು ಮುಚ್ಚಿತ್ತು. ನಗರಾಡಳಿತ ಆರು ವರ್ಷದಲ್ಲಿ ಕೋಟಿಗಟ್ಟಲೆ ಸುರಿದರೂ ಮುಗಿಯಲಿಲ್ಲ. ಟ್ರಂಪ್ ವಹಿಸಿಕೊಂಡರು. ಆರು ತಿಂಗಳೊಳಗೆ, ಹೇಳಿದ್ದಕ್ಕಿಂತ ಕಡಿಮೆ ಖರ್ಚಿನಲ್ಲಿ ಮುಗಿಯಿತು. ಚರಂಡಿಗೆಂದು ರಸ್ತೆ ಅಗೆದು ಹಾಗೇ ಬಿಟ್ಟುಹೋಗುವುದನ್ನು ಕಂಡ ನಮಗೆ ಇದರ ರುಚಿ ಬೇರೆ ಹೇಳಬೇಕಿಲ್ಲ, ಅಲ್ವಾ?

ಈಗ ಇನ್ನೊಂದು ಮಗ್ಗುಲು. ಟ್ರಂಪ್ ಟವರ್ ನಿಂತಿರುವ ಜಾಗದಲ್ಲಿ ಮೊದಲು ಬಾನ್‌ವಿಟ್ ಟೆಲ್ಲರ್ ಎಂಬ ದೊಡ್ಡ ಅಂಗಡಿಯಿತ್ತು. 1980ರಲ್ಲಿ ಅದನ್ನು ಕೆಡವಿದವರಲ್ಲಿ ಸುಮಾರು 200 ಜನ ಪೋಲೆಂಡಿನವರು. ಹೆಚ್ಚಿನವರ ಹತ್ತಿರ ಕಾಗದಪತ್ರ ಇರಲಿಲ್ಲ. ದಿನಕ್ಕೆ 12 ಗಂಟೆ ದುಡಿತ, ಗಂಟೆಗೆ ನಾಲ್ಕೈದು ಡಾಲರ್ ಕೂಲಿ, ಎಷ್ಟೋ ಜನರ ತಲೆಗೆ ಹೆಲ್ಮೆಟ್ಟೂ ಇಲ್ಲ. ಯೂನಿಯನ್ನಿನ ಕ್ಷೇಮನಿಧಿಗೆ ಸೇರಬೇಕಾದ ದುಡ್ಡು ಸೇರಿಲ್ಲವೆಂದು 1983ರಲ್ಲಿ ಕೇಸು ಬಿತ್ತು. ಟ್ರಂಪ್ ಕಡೆಯವರಿಗೆ ವಿಷಯ ಗೊತ್ತಿತ್ತು ಎಂದು 1991ರಲ್ಲಿ ನ್ಯಾಯಾಧೀಶರು ಹೇಳಿದರು. ಮೇಲ್ಮನವಿಯೆಲ್ಲ ಆಗಿ 1998ರಲ್ಲಿ 13.75 ಲಕ್ಷ ಡಾಲರಿಗೆ ರಾಜಿಯಾಯಿತು. ಆ ಮೊತ್ತ ಹೊರಬಿದ್ದದ್ದು 2017ರಲ್ಲಿ, ಅವರು ಅಧ್ಯಕ್ಷರಾದ ಮೇಲೆ!

ಬಿಲ್ ಬಾಕಿಯ ದೂರುಗಳಂತೂ ಬೇಕಾದಷ್ಟು. 2016ರ ಚುನಾವಣಾ ಚರ್ಚೆಯಲ್ಲಿ ಹಿಲರಿ ಕ್ಲಿಂಟನ್ ಇದನ್ನೇ ಎತ್ತಿದರು. ಪೂರ್ತಿ ದುಡ್ಡು ಸಿಗದ ಒಬ್ಬ ಆರ್ಕಿಟೆಕ್ಟ್ ಎದುರಿಗೇ ಕೂತಿದ್ದರು. ಟ್ರಂಪ್ ಜಗ್ಗಲಿಲ್ಲ. ಕೆಲಸ ಸರಿಯಾಗಿ ಮಾಡಿರಲಿಕ್ಕಿಲ್ಲ ಎಂದುಬಿಟ್ಟರು. ಇದು ಅವರಿಗೆ ಮುಳುವಾಗಬೇಕಿತ್ತು, ಆಗಲಿಲ್ಲ.

ಯಾಕೆ? ನನಗೆ ಉತ್ತರ ಹೊಳೆದದ್ದು ಶನಿವಾರ ಸಂಜೆ, ಬಟವಾಡೆ ಹೊತ್ತಿಗೆ. ನಾನು ಮೇಸ್ತ್ರಿಗೆ ಕೊಟ್ಟೆ. ಮೇಸ್ತ್ರಿ ಸಿಮೆಂಟ್ ಚೀಲದ ಮೇಲೆ ಕೂತು ಸೆಂಟ್ರಿಂಗ್‌ನವರಿಗೆ, ಕಲಸುವವರಿಗೆ, ಹೊರುವವರಿಗೆ ಹಂಚಿದರು. ಐವತ್ತು ರೂಪಾಯಿ ಕಮ್ಮಿ ಬಿದ್ದ ಹುಡುಗ ಜಗಳಕ್ಕೆ ನಿಂತದ್ದು ಮೇಸ್ತ್ರಿ ಜೊತೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಗಲಾಟೆ ಮುಗಿದ ಮೇಲೆ ಪೋಲೆಂಡಿನವರ ಕಥೆ ಹೇಳಿದೆ. ಮೇಸ್ತ್ರಿ ಪೂರ್ತಿ ಕೇಳಿದರು.

"ಆ ಹುಡುಗರನ್ನ ಕರ್ಕೊಂಡು ಬಂದಿದ್ದು ಯಾರು ಸಾರ್?"

"ಒಬ್ಬ ಕಾಂಟ್ರಾಕ್ಟರ್."

"ಮತ್ತೆ? ಅವನನ್ನ ಹಿಡೀಬೇಕಿತ್ತು" ಎಂದು ಕರಣೆ ತೊಳೆಯಲು ಹೋದರು.