ಸೌತೆಗೆ ಬೆಳಗು, ಸೋರೆಗೆ ಸಂಜೆ: ಎರಡು ಬಳ್ಳಿಗಳ ಟಿಪ್ಪಣಿ

ಸೌತೆ, ಸೋರೆ ಎರಡೂ ಕುಂಬಳದ ಕುಟುಂಬದವು. ಎರಡಕ್ಕೂ ದಿನಕ್ಕೆ 6ರಿಂದ 8 ಗಂಟೆ ಬಿಸಿಲು, ನೀರು ನಿಲ್ಲದ ಸಡಿಲ ಮಣ್ಣು, ಹತ್ತಲು ಆಸರೆ ಬೇಕು. ಎರಡರಲ್ಲೂ ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆಯಾಗಿ ಬಿಡುತ್ತವೆ. ಹಾಗಾಗಿ ಒಂದಕ್ಕೆ ಮಾಡಿದ್ದನ್ನೇ ಇನ್ನೊಂದಕ್ಕೂ ಮಾಡಿದರಾಯಿತು ಅನ್ನಿಸುತ್ತದೆ. ಹೂ ಬಿಡುವವರೆಗೆ ಆ ಲೆಕ್ಕ ಹೆಚ್ಚುಕಡಿಮೆ ಸರಿ. ಅಲ್ಲಿಂದಾಚೆಗೆ ಪೂರ್ತಿ ತಪ್ಪು.

ಸಸಿಯಲ್ಲೇ ಗುರುತು

ಬೀಜದ ಪೊಟ್ಟಣಗಳು ಅದಲುಬದಲಾದರೆ ಎಲೆ ನೋಡಿ. ಸೌತೆ ಎಲೆ ಮುಟ್ಟಿದರೆ ಒರಟು, ಮೂಲೆಗಳು ಚೂಪು. ಸೋರೆ ಎಲೆ ಮೆತ್ತಗೆ, ಮಖಮಲ್ಲಿನಂತೆ. ತಿಕ್ಕಿದರೆ ಒಂದು ಬಗೆಯ ಗಾಟು ವಾಸನೆ. ಎಲೆಯೂ ತೊಟ್ಟೂ ಸೇರುವ ಜಾಗದಲ್ಲಿ ಎರಡು ಪುಟ್ಟ ಗಂಟುಗಳಿದ್ದರೆ ಅದು ಸೋರೆಯೇ. ಸ್ವಲ್ಪ ದೊಡ್ಡದಾದ ಮೇಲೆ ನುಲಿಬಳ್ಳಿ ನೋಡಿದರೂ ಸಾಕು: ಸೌತೆಯದು ಒಂದೇ ಎಳೆ, ಸೋರೆಯದು ತುದಿಯಲ್ಲಿ ಎರಡಾಗಿ ಕವಲೊಡೆದಿರುತ್ತದೆ.

ಬಿತ್ತನೆ, ಜಾಗ, ಆಸರೆ

ಸೌತೆ ಬೀಜದ ಸಿಪ್ಪೆ ತೆಳು. ನೆನೆಸದೆ 1ರಿಂದ 2 ಸೆಂ.ಮೀ. ಆಳದಲ್ಲಿ ಊರಿದರೆ, ಮಣ್ಣು ಬೆಚ್ಚಗಿದ್ದಾಗ ವಾರದೊಳಗೆ ಮೇಲೆ ಬರುತ್ತದೆ. ಸೋರೆ ಬೀಜದ ಸಿಪ್ಪೆ ಗಟ್ಟಿ. ಒಂದು ರಾತ್ರಿ ನೀರಲ್ಲಿ ನೆನೆಸಿ 2ರಿಂದ 3 ಸೆಂ.ಮೀ. ಆಳಕ್ಕೆ ಹಾಕಬೇಕು. ಆದರೂ ಒಂದೂವರೆ ಎರಡು ವಾರ ಹಿಡಿಯಬಹುದು. ಮೊಳಕೆ ಬರಲಿಲ್ಲವೆಂದು ದಿನವೂ ನೀರು ಸುರಿದರೆ ಬೀಜ ಕೊಳೆಯುತ್ತದೆ. ಮಣ್ಣು ತಣ್ಣಗಿದ್ದರೆ ಎರಡೂ ಏಳುವುದಿಲ್ಲ. 25 ಡಿಗ್ರಿಯಿಂದ ಮೇಲಿದ್ದರೆ ಹಿತ.

ಸೌತೆಗೆ 20 ಲೀಟರಿನ ಕುಂಡ, ಆಳೆತ್ತರದ ಬಲೆ ಸಾಕು. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಎರಡು ಗೇಣು. ಸೋರೆಗೆ 50 ಲೀಟರಿಗಿಂತ ಚಿಕ್ಕ ಕುಂಡ ಬೇಡ. ನೆಲದಲ್ಲಾದರೆ ಒಂದೂವರೆ ಅಡಿ ಗುಂಡಿ ತೋಡಿ ಸುಮಾರು 5 ಕಿಲೋ ಕಳಿತ ಗೊಬ್ಬರ ಬೆರೆಸಿ, ಬಳ್ಳಿಗಳ ನಡುವೆ ಕನಿಷ್ಠ ಆರು ಅಡಿ ಬಿಡಿ. ಆಸರೆ ಬಲೆಯಲ್ಲ, ಚಪ್ಪರ. ಒಂದೊಂದು ಕಾಯಿ ಒಂದು ಕಿಲೋ ಮೀರಿ ತೂಗುವುದರಿಂದ ಸೌತೆಯ ತೆಳು ಬಲೆ ಹರಿದು ಕೂರುತ್ತದೆ.

ಸೌತೆ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಮೇಲ್ಪದರ ಒಣಗಿತೆಂದರೆ ಬಳ್ಳಿಗೆ ಬಾಯಾರಿಕೆ, ಕಾಯಿಗೆ ಕಹಿ. ಒಣ ಎಲೆಯ ಹೊದಿಕೆ ಹಾಕಿ, ಬುಡದ ಹತ್ತಿರ ಕೆದಕಬೇಡಿ. ಸೋರೆ ಬೇರು ಗಟ್ಟಿಗ, ಆದರೆ ಎಲೆಗಳು ದೊಡ್ಡವು. ಮಧ್ಯಾಹ್ನ ಜೋತುಬಿದ್ದ ಎಲೆ ಸಂಜೆ ತಾನಾಗಿ ಎದ್ದರೆ ನೀರು ಸಾಕಿದೆ ಎಂದರ್ಥ. ಬೆಳಿಗ್ಗೆಯೂ ಜೋತಿದ್ದರೆ ಮಾತ್ರ ನೀರಿನ ಕೊರತೆ, ಇಲ್ಲವೇ ಬೇರಿನ ತೊಂದರೆ.

ಎಲ್ಲರೂ ಎಡವುವ ಜಾಗ: ಹೂವಿನ ಹೊತ್ತು

ಸೌತೆಯ ಹಳದಿ ಹೂ ಬೆಳಿಗ್ಗೆ ಅರಳುತ್ತದೆ, ಜೇನ್ನೊಣ ಬರುತ್ತದೆ, ಮಧ್ಯಾಹ್ನ ದಾಟುವ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ. ಸೋರೆಯ ಬಿಳಿ ಹೂ ಸಂಜೆ ಬೆಳಕು ಇಳಿಯುವಾಗ ಅರಳುತ್ತದೆ. ಬಿಳಿ ಬಣ್ಣ ಕತ್ತಲಲ್ಲಿ ಹಾರುವ ಪತಂಗಗಳಿಗಾಗಿ. ಮರುದಿನ ಬಿಸಿಲೇರಿದಾಗ ಮುದುಡಿರುತ್ತದೆ.

ಈಗ ಕೈಯಿಂದ ಪರಾಗ ಮುಟ್ಟಿಸುವವರ ದಿನಚರಿ ನೋಡಿ. ಬೆಳಿಗ್ಗೆ ಒಂಬತ್ತಕ್ಕೆ ಕುಂಚ ಹಿಡಿದು ಹೋಗುತ್ತಾರೆ, ಸೌತೆಗೆ ಮುಟ್ಟಿಸುತ್ತಾರೆ, ಪಕ್ಕದಲ್ಲೇ ಇರುವ ಸೋರೆಗೂ ಮುಟ್ಟಿಸುತ್ತಾರೆ. ಸೌತೆ ಕಚ್ಚುತ್ತದೆ. ಸೋರೆಯ ಹೀಚು ನಾಲ್ಕೈದು ದಿನಕ್ಕೆ ತುದಿಯಿಂದ ಹಳದಿಯಾಗಿ ಉದುರುತ್ತದೆ. ಇದು ಗೊಬ್ಬರದ ಕೊರತೆ ಎಂದುಕೊಂಡು ಯೂರಿಯಾ ಹಾಕುತ್ತಾರೆ. ಸಾರಜನಕ ಹೆಚ್ಚಾಗಿ ಬಳ್ಳಿ ಸೊಪ್ಪಾಗಿ ಹಬ್ಬುತ್ತದೆ, ಹೆಣ್ಣು ಹೂ ಇನ್ನೂ ತಡವಾಗುತ್ತದೆ. ಹೀಚು ಉದುರಿದ್ದಕ್ಕೆ ಗೊಬ್ಬರ ಕಾರಣವೇ ಅಲ್ಲ, ತಪ್ಪಿದ್ದು ಗಡಿಯಾರ.

ಸರಿಯಾದ ಕ್ರಮ ಹೀಗೆ. ಸೋರೆಯಲ್ಲಿ ಮಧ್ಯಾಹ್ನವೇ ಮೊಗ್ಗು ನೋಡಿಡಿ: ಉಬ್ಬಿ, ತುದಿಯಲ್ಲಿ ಬಿಳಿ ಇಣುಕುತ್ತಿದ್ದರೆ ಅಂದೇ ಸಂಜೆ ಅರಳುತ್ತದೆ. ಉದ್ದನೆಯ ತೆಳು ತೊಟ್ಟಿನದು ಗಂಡು. ಗಿಡ್ಡ ತೊಟ್ಟು, ಹೂವಿನ ಹಿಂದೆ ರೋಮ ತುಂಬಿದ ಪುಟ್ಟ ಸೋರೆಕಾಯಿ ಇದ್ದರೆ ಹೆಣ್ಣು. ಕತ್ತಲಾಗುವ ಹೊತ್ತಿಗೆ ಹೊಸದಾಗಿ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಪರಾಗದ ದಿಂಡನ್ನು ಬೆರಳಿಗೆ ಮುಟ್ಟಿಸಿ. ಹಳದಿ ಪುಡಿ ಅಂಟಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಆ ದಿಂಡನ್ನು ಹೆಣ್ಣು ಹೂವಿನ ನಡುವಿನ ಉಬ್ಬಿಗೆ, ಅದರ ಎಲ್ಲ ಹೋಳುಗಳಿಗೂ ಮೆಲ್ಲಗೆ ಒರೆಸಿ. ಒಂದು ಗಂಡು ಹೂ ಎರಡು ಹೆಣ್ಣು ಹೂವಿಗೆ ಸಾಕು. ಸಂಜೆ ತಪ್ಪಿತೇ? ಮರುದಿನ ಮುಂಜಾವಿನಲ್ಲಿ, ಬಿಸಿಲು ಬೀಳುವ ಮುನ್ನ ಒಂದು ಅವಕಾಶ ಉಳಿದಿರುತ್ತದೆ. ಒಂಬತ್ತು ಗಂಟೆಗೆ ಅದೂ ಹೋಗಿರುತ್ತದೆ.

ಸೌತೆಯಲ್ಲೂ ಇದೇ ವಿಧಾನ, ಬೆಳಿಗ್ಗೆ ಹತ್ತರೊಳಗೆ. ಒಂದು ಹೋಳಿಗೆ ಮಾತ್ರ ಪರಾಗ ತಾಗಿದರೆ ಬೀಜ ಕಟ್ಟಿದ ಕಡೆ ಮಾತ್ರ ಕಾಯಿ ತುಂಬಿ, ಉಳಿದೆಡೆ ಸೊರಗಿ, ಕೊನೆಗೆ ಡೊಂಕಾಗುತ್ತದೆ. ಡೊಂಕಿಗೆ ನೀರಿನ ಏರುಪೇರೂ ಕಾರಣವಿರಬಹುದು. ಇನ್ನೊಂದು ಮಾತು: ಪರಾಗವಿಲ್ಲದೆ ಬೀಜರಹಿತ ಕಾಯಿ ಕಟ್ಟುವ ಸೌತೆ ತಳಿಗಳಿವೆ. ಪೊಟ್ಟಣದ ಮೇಲೆ ಹಾಗೆ ಬರೆದಿದ್ದರೆ ಕುಂಚ ಬದಿಗಿಡಿ. ಸೋರೆ ಬೆಳೆಯುವವರು ಅಂಥ ಅದೃಷ್ಟ ನಂಬಿ ಕೂರಬಾರದು.

ಎರಡರಲ್ಲೂ ಮೊದಲ ಒಂದೆರಡು ವಾರ ಬರೀ ಗಂಡು ಹೂ ಬಿಡುವುದು ಸಹಜ. ಅದು ರೋಗವಲ್ಲ.

ಕುಡಿ ಚಿವುಟುವುದು

ಸೋರೆಯ ಮುಖ್ಯ ಬಳ್ಳಿಯಲ್ಲಿ ಗಂಡು ಹೂಗಳೇ ಜಾಸ್ತಿ, ಹೆಣ್ಣು ಹೂ ಹೆಚ್ಚಾಗಿ ಕವಲುಗಳಲ್ಲಿ. ಆದ್ದರಿಂದ ಮುಖ್ಯ ಬಳ್ಳಿ ಚಪ್ಪರ ಮುಟ್ಟಿದಾಗ ಕುಡಿ ಚಿವುಟಿ. ಹೊರಟ ಕವಲುಗಳಲ್ಲಿ ಹತ್ತು ಹನ್ನೆರಡು ಎಲೆ ಬಂದ ಮೇಲೆ ಅವುಗಳ ಕುಡಿಯನ್ನೂ ಚಿವುಟಿ. ಮೂರನೆಯ ಪೀಳಿಗೆಯ ಕವಲಲ್ಲಿ ಹೆಣ್ಣು ಹೂ ಧಾರಾಳ. ಸೌತೆಗೆ ಇದನ್ನೇ ಕುರುಡಾಗಿ ಮಾಡಬೇಡಿ: ಅನೇಕ ಸೌತೆ ತಳಿಗಳು ಮುಖ್ಯ ಬಳ್ಳಿಯಲ್ಲೇ ಕಾಯಿ ಬಿಡುತ್ತವೆ, ಚಿವುಟಿದರೆ ಫಸಲೇ ಹೋಯಿತು. ಸೌತೆಯಲ್ಲಿ ಕೆಳಗಿನ ಐದಾರು ಗಿಣ್ಣುಗಳ ಕವಲು, ಹೂ ತೆಗೆದು ಬಳ್ಳಿಯನ್ನು ಮೇಲೆ ಹತ್ತಲು ಬಿಟ್ಟರೆ ಸಾಕು.

ರೋಗ, ನೊಣ

ಎಲೆಯ ಮೇಲೆ ಹಿಟ್ಟು ಚೆಲ್ಲಿದಂತಿದ್ದರೆ ಬೂದಿರೋಗ, ಎರಡಕ್ಕೂ ಬರುತ್ತದೆ. ನರಗಳ ನಡುವೆ ಚೌಕಚೌಕ ಹಳದಿ ಮಚ್ಚೆ, ಅಡಿಯಲ್ಲಿ ಬೂದು ತುಪ್ಪಟ ಇದ್ದರೆ ಬೂಜು ತುಪ್ಪಟ ರೋಗ. ಸೌತೆಯನ್ನು ಬೇಗ ಮಲಗಿಸುವುದು ಇದೇ. ಎಲೆ ರಾತ್ರಿಯಿಡೀ ಒದ್ದೆಯಿದ್ದರೆ ಇದು ಹಬ್ಬುತ್ತದೆ, ಹಾಗಾಗಿ ನೀರು ಬುಡಕ್ಕೆ ಮಾತ್ರ. ಹಣ್ಣಿನ ನೊಣ ಎಳೆ ಕಾಯಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಚುಚ್ಚಿದ ಜಾಗದಲ್ಲಿ ಅಂಟು ಒಸರಿ, ಒಳಗೆ ಹುಳ ಕೊರೆಯುತ್ತದೆ. ಕಾಯಿ ಕಚ್ಚಿದ್ದು ಖಾತ್ರಿಯಾದ ಕೂಡಲೇ ಕಾಗದದ ಚೀಲ ಕಟ್ಟಿ. ಉದುರಿದ ಕಾಯಿಯನ್ನು ಅಲ್ಲೇ ಬಿಟ್ಟರೆ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ.

ಕೊಯ್ಲು, ಕಹಿ, ಬೀಜ

ಸೌತೆ ಬಿತ್ತಿದ 50ರಿಂದ 60 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಸೋರೆಗೆ ಇನ್ನೊಂದೆರಡು ವಾರ ಹೆಚ್ಚು. ಒಂದು ಸೌತೆಕಾಯಿ ಬಳ್ಳಿಯಲ್ಲೇ ಬಲಿತು ಹಳದಿಯಾದರೂ ಹೊಸ ಕಾಯಿ ಬಿಡುವುದು ಕಡಿಮೆಯಾಗುತ್ತದೆ; ದಿನ ಬಿಟ್ಟು ದಿನ ಕೊಯ್ಯಿರಿ. ಸೋರೆಕಾಯಿ ಎಳೆಯದೋ ಎಂದು ತಿಳಿಯಲು ಉಗುರು ಒತ್ತಿ ನೋಡಿ: ಸಿಪ್ಪೆಯೊಳಗೆ ಸಲೀಸಾಗಿ ಇಳಿದರೆ ಅಡುಗೆಗೆ ಸರಿ.

ಕಹಿಯ ವಿಷಯದಲ್ಲಿ ಮಾತ್ರ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಸೌತೆಯ ತೊಟ್ಟಿನ ಕಡೆ ತುಸು ಕಹಿಯಿದ್ದರೆ ಅಷ್ಟು ಕತ್ತರಿಸಿ ತೆಗೆಯಬಹುದು. ಸೋರೆಕಾಯಿ ಕಹಿಯಿದ್ದರೆ ಇಡೀ ಕಾಯಿ ಎಸೆಯಬೇಕು. ಕುಕುರ್ಬಿಟಾಸಿನ್ ಎಂಬ ವಿಷ ಅದು. ಬೇಯಿಸಿದರೂ ಹೋಗುವುದಿಲ್ಲ, ರಸ ಕುಡಿದವರಿಗೆ ವಾಂತಿ, ರಕ್ತಭೇದಿ ಆಗಿ ಪ್ರಾಣಕ್ಕೇ ಕುತ್ತು ಬಂದದ್ದುಂಟು. ರಸ ತೆಗೆಯುವ ಮುನ್ನ ಚೂರು ನಾಲಿಗೆಗೆ ಮುಟ್ಟಿಸಿ, ಉಗಿಯಿರಿ.

ಪಕ್ಕದಲ್ಲಿ ಸೋರೆಯಿದ್ದದ್ದಕ್ಕೆ ಸೌತೆ ಕಹಿಯಾಯಿತು ಎಂಬ ಮಾತಿದೆ. ಆಗದ ಮಾತು. ಸೌತೆಯ ವರ್ಣತಂತುಗಳು 14, ಸೋರೆಯವು 22; ಇವೆರಡೂ ಬೆರೆಯುವುದಿಲ್ಲ. ಕಹಿ ಕಾಡುಸೋರೆ ಹತ್ತಿರವಿದ್ದರೆ ಮಾತ್ರ ಸೋರೆಬೀಜ ಕೆಡುತ್ತದೆ, ಅದೂ ಗೊತ್ತಾಗುವುದು ಆ ಬೀಜ ಬಿತ್ತಿದ ಮುಂದಿನ ಬೆಳೆಯಲ್ಲಿ. ಬೀಜಕ್ಕೆಂದು ಬಿಡುವ ಹೆಣ್ಣು ಹೂವಿಗೆ ಅರಳುವ ಮೊದಲೇ ಚೀಲ ಕಟ್ಟಿ, ಕೈಯಿಂದ ಪರಾಗ ಮುಟ್ಟಿಸಿ, ಮತ್ತೆ ಕಟ್ಟಿ. ಸೋರೆ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಸೌತೆ ಹಣ್ಣಾಗಿ ಹಳದಿಗೆ ತಿರುಗಿದ ಮೇಲೆ ಬೀಜವನ್ನು ಲೋಳೆ ಸಮೇತ ಎರಡು ದಿನ ಹುಳಿಯಲು ಬಿಟ್ಟು ತೊಳೆಯಿರಿ. ತೇಲಿದ್ದು ಜೊಳ್ಳು, ಮುಳುಗಿದ್ದನ್ನು ನೆರಳಲ್ಲಿ ಒಣಗಿಸಿ.