ಮಗೂಗೆ ನಾಲ್ಕೇ ಹಲ್ಲು, ಅದೂ ಚೂಪು: ನಮ್ಮ ಮನೇಲಿ ಯಾರಿಗೂ ಇಲ್ವಲ್ಲ?

ಸಕಲೇಶಪುರದ ಕಡೆಯ ಒಬ್ರು ಅಮ್ಮ ಕೇಳಿದಾರೆ: ಮಗನಿಗೆ ಮೂರು ವರ್ಷ ತುಂಬ್ತು, ಬಾಯಲ್ಲಿ ನಾಲ್ಕೇ ಹಲ್ಲು, ಮೊಳೆ ಥರ ಚೂಪು, ತಲೆಗೂದಲೂ ತೆಳು, ಡಾಕ್ಟ್ರು ಜೀನ್ ಪ್ರಾಬ್ಲಂ ಅಂತಾರೆ, ಎರಡೂ ಮನೇಲಿ ಯಾರಿಗೂ ಇಲ್ದೇ ಇದು ಎಲ್ಲಿಂದ ಬಂತು?

ಹಲ್ಲಿನ ಮಾತು ಆಮೇಲೆ, ಮೊದಲು ಹೇಳಿ, ಮಗು ಬೆವರುತ್ತಾ? ಮಲೆನಾಡಿನ ತಂಪಲ್ಲಿ ಇದು ಗೊತ್ತೇ ಆಗಲ್ಲ, ಏಪ್ರಿಲಲ್ಲಿ ಕಡೂರಿನ ಅಜ್ಜಿ ಮನೆಗೆ ಹೋದಾಗ ಮೈ ಕೆಂಡ ಆಗುತ್ತೆ, ಜ್ವರ ಅಂತ ಸಿರಪ್ ಕುಡಿಸ್ತಾರೆ, ಆದ್ರೆ ಬೆವರೇ ಬರದ ಮೈ ತಣ್ಣಗಾಗೋದು ಹೇಗೆ ಹೇಳಿ. ಗರ್ಭದಲ್ಲಿ ಆರನೇ ವಾರದ ಹೊತ್ತಿಗೆ ವಸಡಿನ ಜಾಗದ ಮೇಲ್ಪದರ ದಪ್ಪ ಆಗಿ ಒಳಗೆ ಇಳಿಯುತ್ತೆ, ಅದೇ ಹಲ್ಲಿನ ಮೊಗ್ಗು. ಕೂದಲ ಬುಡ, ಬೆವರಿನ ಗ್ರಂಥಿ ಹುಟ್ಟೋದೂ ಆಮೇಲೆ ಹೀಗೇನೇ, ಮೂರಕ್ಕೂ ಇಡಿಎ ಅನ್ನೋ ಜೀನ್ ಕಳಿಸೋ ಸಿಗ್ನಲ್ ಬೇಕು. ಅದು ಕೆಟ್ರೆ ಮೂರೂ ಸೊರಗುತ್ತೆ. ಈ ತೊಂದರೆಯ ಹೆಸರು ಉದ್ದ, ಹೈಪೋಹೈಡ್ರೋಟಿಕ್ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ.

ಈ ಜೀನ್ ಇರೋದು ಎಕ್ಸ್ ಕ್ರೋಮೋಸೋಮಲ್ಲಿ. ಹೆಣ್ಣಿಗೆ ಎಕ್ಸ್ ಎರಡು, ಒಂದು ಕೆಟ್ರೂ ಇನ್ನೊಂದು ಬಹಳಷ್ಟು ಸುಧಾರಿಸಿಕೊಂಡು ಹೋಗುತ್ತೆ, ಗಂಡಿಗೆ ಇರೋದೇ ಒಂದು. ಡಾರ್ವಿನ್ 1875ರಲ್ಲೇ ಸಿಂಧ್ ಕಡೆಯ ಒಂದು ಮನೆತನದ ಬಗ್ಗೆ ಬರೆದಿದಾನೆ, ನಾಲ್ಕು ತಲೆಮಾರಲ್ಲಿ ಹತ್ತು ಗಂಡಸರಿಗೆ ಹಲ್ಲು ಕಮ್ಮಿ, ಕೂದಲು ಕಮ್ಮಿ, ಬೇಸಿಗೆಯಲ್ಲಿ ಒದ್ದಾಟ, ಹೆಣ್ಮಕ್ಕಳಿಗೆ ಏನೂ ಇಲ್ಲ, ಆದ್ರೂ ಅವರ ಗಂಡುಮಕ್ಕಳಿಗೆ ಮತ್ತೆ ಬಂದಿದೆ. ಹಾಸನದ ನನ್ನ ಕ್ಲಿನಿಕ್ಕಲ್ಲಿ ಇಂಥದೇ ಒಂದು ಮಗು ಬಂದಾಗ ಅಮ್ಮನ ಬಾಯಿ ತೆಗೆಸಿ ನೋಡಿದ್ದೆ, ಮೇಲಿನ ಮುಂಬಲ್ಲಿನ ಪಕ್ಕದ್ದು ಅಕ್ಕಿ ಕಾಳಿನ ಥರ ಸಣ್ಣಗೆ ಚೂಪಾಗಿತ್ತು, ಅವರು ಅದನ್ನ ಯಾವತ್ತೂ ಗಮನಿಸೇ ಇರ್ಲಿಲ್ಲ. ಕೆಟ್ಟ ಜೀನ್ ಒಂದು ಎಕ್ಸಲ್ಲಿ ಹೊತ್ತಿರೋ ಅಮ್ಮನಲ್ಲಿ ಇಂಥ ಸಣ್ಣ ಗುರುತು ಇರಬಹುದು, ಅಂಥೋರನ್ನ ಕ್ಯಾರಿಯರ್ ಅಂತೀವಿ. ಅಮ್ಮ ಕ್ಯಾರಿಯರ್ ಆದ್ರೆ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಚಾನ್ಸ್. ಕೆಲವು ಸಲ ಯಾರಲ್ಲೂ ಇಲ್ದೇ ಮಗುವಿನಲ್ಲೇ ಹೊಸದಾಗಿ ಶುರು ಆಗುತ್ತೆ. ಗ್ರಹಣದಲ್ಲಿ ಹೊರಗೆ ಬಂದಿದ್ಲು, ಅದಕ್ಕೇ ಹೀಗಾಯ್ತು ಅಂತ ತಾಯಿಯನ್ನ ಬೈಯೋರು ಇದನ್ನ ಎರಡು ಸಲ ಓದಿ, ದಯವಿಟ್ಟು.

ಹಲ್ಲು ಕಮ್ಮಿ ಅಂದ್ರೆಲ್ಲ ಇದೇ ಅಲ್ಲ, ಪ್ಯಾಕ್ಸ್9, ಎಂಎಸ್‌ಎಕ್ಸ್1 ಜೀನ್ ಕೆಟ್ರೆ ಬೆವರು ಸರಿಯಾಗೇ ಇರುತ್ತೆ, ಕೆಲವು ಹಲ್ಲು ಮಾತ್ರ ಇರಲ್ಲ. ಯಾವುದು ಅಂತ ರಕ್ತದ ಜೀನ್ ಟೆಸ್ಟಲ್ಲಿ ಗೊತ್ತಾಗುತ್ತೆ.

ಈಗ ಮಾಡ್ಬೇಕಾದ್ದು: ಬಿಸಿಲಿಗೆ ಹೊರಟ್ರೆ ಒದ್ದೆ ಬನಿಯನ್ನು, ನೀರಿನ ಬಾಟ್ಲು ಜೊತೆಗಿರ್ಲಿ, ಶಾಲೆಗೆ ಸೇರಿಸಿದಾಗ ಟೀಚರಿಗೂ ಹೇಳಿಡಿ. ಹಲ್ಲಿಗೆ ದೊಡ್ಡವನಾಗ್ಲಿ ಅಂತ ಕಾಯ್ಬೇಡಿ, ಮೂರು ನಾಲ್ಕು ವರ್ಷಕ್ಕೇ ಮಕ್ಕಳ ಸೆಟ್ ಹಾಕ್ಬಹುದು, ದವಡೆ ಬೆಳೆದ ಹಾಗೆ ಬದಲಾಯಿಸ್ತಾ ಹೋಗ್ತೀವಿ, ಅಕ್ಕಿ ರೊಟ್ಟಿ ಅವನೇ ಕಚ್ಚಿ ತಿಂತಾನೆ.